ಚಕ್ರವರ್ತಿಯ ಕೊನೆಯ ಕಾಗದಗಳು

ಪ್ರಪಂಚದ ಪತ್ರಸಾಹಿತ್ಯದಿಂದ ಓದುವವರ ಕಣ್ಣು ತೇವಗೊಳಿಸುವ ಕಾಗದಗಳನ್ನು ಆರಿಸಿ ಒಂದು ಸಂಕಲನ ಮಾಡುವುದಾದರೆ, ಮೊಗಲ ಚಕ್ರವರ್ತಿ ಔರಂಗಜೇಬನು ಸಾಯುವುದಕ್ಕೆ ಸ್ವಲ್ಪ ಮುಂಚೆ ಬರೆದ ಎರಡು ಕಾಗದಗಳಿಗೆ ಅದರಲ್ಲಿ ಸ್ಥಾನವಿರಲೇಬೇಕು. ಒಂದು ಮಗ ಆಜಮನಿಗೆ, ಇನ್ನೊಂದು ಕಿರಿಯ ಮಗ ಕಾಮಬಕ್ಷನಿಗೆ ಬರೆದದ್ದು. ಮೂಲ ಫಾರಸಿ. ಅವನ ಪತ್ರಗಳ ಸಂಗ್ರಹವಾದ 'ರುಕಾತೆ ಆಲಂಗೀರಿ'ಯನ್ನು ಜಮ್ಷೀದ್ ಬಿಲಿಮೋರಿಯಾ ೧೯೦೮ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಫಾರಸಿ ಬಾರದ ನಮ್ಮಂಥವರಿಗೂ ಅವನ ಪತ್ರಗಳ ಪರಿಚಯವಾಯಿತು. ಎಂಬತ್ತೆಂಟು ವರ್ಷದ ಮುದುಕ, ಕಾಬೂಲಿನಿಂದ ಕಾವೇರಿಯ ಕಡೆಯವರೆಗೆ ತನ್ನ ಹೆಸರಿನ ನಾಣ್ಯ ನಡೆಸಿದವನು, ಆ ಎರಡು ಕಾಗದಗಳಲ್ಲಿ ತನ್ನ ಬಾಳು ವ್ಯರ್ಥವಾಯಿತೆಂದು ಕೊರಗುತ್ತಾನೆ. ಬರಿಗೈಯಲ್ಲಿ ಬಂದವನು ಪಾಪದ ಗಂಟನ್ನು ಹೊತ್ತುಕೊಂಡು ಹೊರಟೆನಲ್ಲಾ ಎಂದು ಅಳುಕುತ್ತಾನೆ. ದೇವರ ಕರುಣೆಯನ್ನು ನೆನೆದು ಆಸೆಪಡುತ್ತಾನೆ. ತನ್ನ ಕರ್ಮವನ್ನು ನೆನೆದು ಹೆದರುತ್ತಾನೆ.

ಕಾಲೇಜಿನಲ್ಲಿ ರನ್ನನ 'ಗದಾಯುದ್ಧ'ವನ್ನು ಪಾಠ ಹೇಳುವಾಗ, ದುರ್ಯೋಧನನ ಕೊನೆಯ ದಿನದ ಮಾತು ಬಂದ ಕಡೆ, ನಾನು ಈ ಕಾಗದಗಳ ಭಾವಾರ್ಥವನ್ನು ಕನ್ನಡದಲ್ಲಿ ಹೇಳುವ ಅಭ್ಯಾಸವಿಟ್ಟುಕೊಂಡಿದ್ದೆ. ಹೇಳಿ ಮುಗಿಸಿದ ಮೇಲೆ ತರಗತಿ ಒಂದು ಕ್ಷಣ ಸುಮ್ಮನಿರುತ್ತಿತ್ತು. ಆ ಮೌನವನ್ನು ಕಂಡು ನನ್ನ ಪಾಠ ಸಾರ್ಥಕವಾಯಿತೆಂದು ನಾನು ಹಿಗ್ಗುತ್ತಿದ್ದುದೂ ಉಂಟು. "ನೋಡಿ, ಎಂಥ ಪಶ್ಚಾತ್ತಾಪ! ಮಹಾಪರಾಧಿಯಾದರೂ ಕೊನೆಗೆ ಮನುಷ್ಯನಾದ" ಎಂದು ಷರಾ ಬರೆದು ಪುಸ್ತಕ ಮುಚ್ಚುತ್ತಿದ್ದೆ. ಹೀಗೆ ಹಲವು ವರ್ಷ ನಡೆಯಿತು. ಒಮ್ಮೆ ಸುರಪುರದ ಕಡೆಯ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಿದ: "ಸರ್, ಆ ಕಾಗದದಾಗ ನಮ್ಮ ಸುರಪುರದ ಸೀಮಿ ಹೆಸರು ಎಲ್ಲ್ಯಾರ ಬರ್ತದೇನ್ರಿ?"

ತರಗತಿ ನಕ್ಕಿತು. ನಾನೂ ನಕ್ಕೆ. "ಇಲ್ಲಪ್ಪ" ಎಂದೆ. ಹುಡುಗ ಕುಳಿತುಕೊಂಡ. ಆದರೆ ಅವನ ಪ್ರಶ್ನೆ ಮಾತ್ರ ನನ್ನ ಮನಸ್ಸಿನಲ್ಲಿ ನಿಂತೇ ಇತ್ತು. ನಗುವಂಥ ಪ್ರಶ್ನೆಯೇನೂ ಅದಾಗಿರಲಿಲ್ಲವೆಂದು ಆ ಕಾಗದಗಳನ್ನೂ ಆ ಕಾಲದ ಇತರ ಬರಹಗಳನ್ನೂ ಮತ್ತೆ ಓದಿದಾಗ ನನಗೆ ತಿಳಿಯಿತು. ಆ ಮರು ಓದಿನ ಫಲವನ್ನು ಇಲ್ಲಿ ಸಹೃದಯರ ಮುಂದಿಡುತ್ತಿದ್ದೇನೆ.

ಔರಂಗಜೇಬನ ಕೊನೆಯ ವರ್ಷಗಳೆಂದರೆ ದಿಲ್ಲಿಯ ಕೆಂಪುಕೋಟೆಯನ್ನು ನೆನೆಯುವವರೇ ಹೆಚ್ಚು. ಅದು ತಪ್ಪು. ೧೬೮೧ರಲ್ಲಿ ಅಜಮೀರವನ್ನು ಬಿಟ್ಟು ದಕ್ಷಿಣಕ್ಕೆ ಹೊರಟವನು ಮತ್ತೆ ಉತ್ತರವನ್ನು ಕಾಣಲೇ ಇಲ್ಲ. ೧೬೮೬ರಲ್ಲಿ ಬಿಜಾಪುರವನ್ನೂ ಮರುವರ್ಷ ಗೋಲ್ಕೊಂಡೆಯನ್ನೂ ಗೆದ್ದನು. ೧೬೮೯ರಲ್ಲಿ ಸಂಭಾಜಿಯನ್ನು ಹಿಡಿದು ಕೊಲ್ಲಿಸಿದನು. ಗೆಲ್ಲಬೇಕಾದುದೆಲ್ಲವನ್ನೂ ಗೆದ್ದಂತಾಯಿತು, ಅಲ್ಲಿಂದ ಮುಂದೆ ಗೆದ್ದದ್ದು ಯಾವುದೂ ಕೈಯಲ್ಲಿ ನಿಲ್ಲಲಿಲ್ಲ. ಇಪ್ಪತ್ತೈದು ವರ್ಷ ಡೇರೆಯೇ ಅರಮನೆಯಾಯಿತು. ಆ ಡೇರೆ ಬಹುಕಾಲ ನಿಂತದ್ದು ಭೀಮೆ ಕೃಷ್ಣೆಯರ ದಂಡೆಯ ಮೇಲೆ, ಅಂದರೆ ಮರಾಠಿ ಕನ್ನಡ ಮಾತನಾಡುವ ರೈತರ ಹೊಲಗಳ ನಡುವೆ.

ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ, ಕೃಷ್ಣೆಯ ದಂಡೆಯ ಗಲಗಲಿಯಲ್ಲಿ ಚಕ್ರವರ್ತಿಯನ್ನು ಕಂಡ ಒಬ್ಬ ಪರದೇಶದವನಿದ್ದಾನೆ. ಅವನು ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿ. ೧೬೯೫ರ ಮಾರ್ಚ್ ತಿಂಗಳಲ್ಲಿ ಅವನು ಕಂಡದ್ದು ಸೈನ್ಯದ ಬೀಡಲ್ಲ, ನಡೆದಾಡುವ ಒಂದು ಮಹಾನಗರ. ಸುತ್ತಳತೆ ಮೂವತ್ತು ಮೈಲಿ, ಒಳಗೆ ಇನ್ನೂರೈವತ್ತು ಪೇಟೆಗಳು, ಸುಮಾರು ಐದು ಲಕ್ಷ ಜನ ಎಂದು ಅವನು ಲೆಕ್ಕ ಕೊಟ್ಟಿದ್ದಾನೆ. ಪ್ರವಾಸಿಗಳ ಲೆಕ್ಕ ಸ್ವಲ್ಪ ಉಬ್ಬಿರುವುದು ಸಹಜವೇ. ಆದರೆ ಆ ನಗರದ ನಡುವೆ ಕುಳಿತಿದ್ದವನ ಚಿತ್ರ ಉಬ್ಬಿದ್ದಲ್ಲ. ಕುಳ್ಳಗಿನ, ವಯಸ್ಸಿನಿಂದ ಬಾಗಿದ, ಬಿಳಿಯ ಗಡ್ಡದ ಮುದುಕನೊಬ್ಬ ಕೋಲೂರಿಕೊಂಡು ಬರುತ್ತಾನೆ. ಪ್ರಜೆಗಳ ಅರ್ಜಿಗಳನ್ನು ಕನ್ನಡಕವಿಲ್ಲದೆ ತಾನೇ ಓದುತ್ತಾನೆ. ತನ್ನ ಕೈಯಿಂದಲೇ ಅದರ ಮೇಲೆ ಅಪ್ಪಣೆ ಬರೆಯುತ್ತಾನೆ. ಮುಖದಲ್ಲಿ ನಗುವೂ ಇದೆ. ಆಗ ಅವನಿಗೆ ವಯಸ್ಸು ಎಪ್ಪತ್ತಾರು.

ಈ ಚಿತ್ರ ಮನಸ್ಸಿನಲ್ಲಿರಬೇಕು. ಸುಖಕ್ಕೆ ಮನಸೋತು ರಾಜ್ಯವನ್ನು ಕಳೆದುಕೊಂಡ ದೊರೆಯಲ್ಲ ಇವನು. ದುಡಿಮೆಯಲ್ಲಿ, ಸರಳ ಜೀವನದಲ್ಲಿ, ಧೈರ್ಯದಲ್ಲಿ ಅವನ ಮನೆತನದವರಲ್ಲಿಯೇ ಅವನಿಗೆ ಸಾಟಿಯಾದವರು ಕಡಿಮೆ. ೧೬೯೯ರಲ್ಲಿ, ಎಂಬತ್ತನ್ನು ದಾಟಿದ ಮೇಲೆ, ಮರಾಠರ ಬೆಟ್ಟದ ಕೋಟೆಗಳನ್ನು ತಾನೇ ಗೆಲ್ಲುತ್ತೇನೆಂದು ಹೊರಟನು. ಸತಾರೆ, ಪನ್ಹಾಳ, ಖೇಳಣಾ, ಸಿಂಹಗಡ, ರಾಯಗಡದ ನೆರೆಯ ರಾಜಗಡ, ತೋರಣಾ ಒಂದಾದ ಮೇಲೊಂದು ಸಿಕ್ಕವು. ಅವುಗಳಲ್ಲಿ ಹಲವು ಕೋಟೆಗಳಿಗೆ ತೋಪಿಗಿಂತ ಹಣದ ಥೈಲಿಯೇ ಬೀಗದ ಕೈಯಾಯಿತು. ಚಕ್ರವರ್ತಿ ಮುಂದೆ ಹೋದಂತೆ ಹಿಂದಿನ ಕೋಟೆಗಳು ಮತ್ತೆ ಮರಾಠರ ಪಾಲಾದವು. ೧೭೦೦ರ ಮಳೆಗಾಲದ ಕೊನೆಯಲ್ಲಿ ಮಾಣ್ ನದಿಯ ದಂಡೆಯ ಬೀಡಿಗೆ ನಡುರಾತ್ರಿ ಪ್ರವಾಹ ನುಗ್ಗಿತು. ಗಾಬರಿಯಲ್ಲಿ ಎದ್ದ ಚಕ್ರವರ್ತಿ ಎಡವಿ ಬಿದ್ದು ಮೊಣಕಾಲಿನ ಕೀಲು ತಪ್ಪಿಸಿಕೊಂಡನು. ಆಮೇಲೆ ಅವನ ಕುಂಟು ಹೋಗಲಿಲ್ಲ. ಮೂಲಪುರುಷ ತೈಮೂರನೂ ಕುಂಟನೇ ಆಗಿದ್ದುದರಿಂದ ಇದು ವಂಶದ ಭಾಗ್ಯವೆಂದು ಆಸ್ಥಾನದವರು ಸಮಾಧಾನ ಹೇಳಿದರಂತೆ! ಹೊಗಳುಭಟರಿಗೆ ಯಾವ ಕಾಲದಲ್ಲಿಯೂ ಮಾತಿಗೆ ಬರವಿಲ್ಲ.

ಅವನ ಕೊನೆಯ ಮುತ್ತಿಗೆ ಸುರಪುರದ ಸೀಮೆಯ ವಾಗಣಗೇರಾ ಕೋಟೆಗೆ. ಎದುರಾಳಿ ಬೇಡರ ನಾಯಕ ಪಿಡ್ಡನಾಯಕ. ೧೭೦೫ರ ಫೆಬ್ರವರಿಯಲ್ಲಿ ಮೊದಲಾದ ಮುತ್ತಿಗೆ ಏಪ್ರಿಲ್ ಕೊನೆಯವರೆಗೆ ನಡೆಯಿತು. ಆಲಂಗೀರನೆಂದರೆ ಜಗತ್ತನ್ನು ಗೆದ್ದವನು ಎಂದರ್ಥ. ಆ ಬಿರುದಿನ ದೊರೆ, ಎಂಬತ್ತಾರನೆಯ ವಯಸ್ಸಿನಲ್ಲಿ, ಒಂದು ಪಾಳೆಯಪಟ್ಟಿನ ಮಣ್ಣುಗುಡ್ಡಗಳ ಮುಂದೆ ಮೂರು ತಿಂಗಳು ಕೂತನು. ನಡುವೆ ನಾಯಕನು ಸಂಧಿಯ ಮಾತನಾಡಿ ಕಾಲ ಕಳೆದನು. ಅಷ್ಟರಲ್ಲಿ ಮರಾಠರ ನೆರವೂ ಬಂತು. ಕಡೆಗೆ ಜುಲ್ಫಿಕಾರ್ ಖಾನನನ್ನು ಕರೆಸಿಕೊಳ್ಳಬೇಕಾಯಿತು. ಕೋಟೆ ಸಿಕ್ಕಿತು, ನಾಯಕ ಸಿಕ್ಕಲಿಲ್ಲ. ಬೇಡರು ತಾವೇ ಬೆಂಕಿಯಿಟ್ಟು ಹೊರಟುಹೋದ ಬರಿಯ ಕೋಟೆಯನ್ನು ಮೊಗಲರು ಹೊಕ್ಕರು.

ಅನಂತರ ಬೀಡು ಕೃಷ್ಣೆಗೆ ಸಮೀಪದ ದೇವಾಪುರಕ್ಕೆ ಬಂದಿತು. ಅಲ್ಲಿ ಚಕ್ರವರ್ತಿ ಕಾಯಿಲೆ ಬಿದ್ದನು. ಹತ್ತು ಹನ್ನೆರಡು ದಿನ ಬದುಕುವ ಭರವಸೆಯೇ ಇರಲಿಲ್ಲ. ಸುತ್ತ ಶತ್ರುಗಳ ನಾಡು. ದೊರೆ ಸತ್ತರೆ ತಮ್ಮ ಗತಿಯೇನೆಂದು ಬೀಡಿಗೆ ಬೀಡೇ ನಡುಗಿತು. ಈ ಸಂದರ್ಭದ ಒಂದು ಪ್ರಸಂಗವನ್ನು 'ಮಾಸಿರೆ ಆಲಂಗೀರಿ' ಎಂಬ ಚರಿತ್ರೆಯಲ್ಲಿ ಸಾಕಿ ಮುಸ್ತೈದ್ ಖಾನನು ದಾಖಲು ಮಾಡಿದ್ದಾನೆ. ಸಾಹಿತ್ಯದ ವಿದ್ಯಾರ್ಥಿಗಳು ಮರೆಯಬಾರದ ಪ್ರಸಂಗ ಅದು. ಹಾಸಿಗೆಯ ಮೇಲಿದ್ದ ಚಕ್ರವರ್ತಿ ಕ್ಷೀಣಧ್ವನಿಯಲ್ಲಿ ಯಾವುದೋ ಪದ್ಯವನ್ನು ಗೊಣಗುತ್ತಿದ್ದನು. ಎಂಬತ್ತು ತೊಂಬತ್ತು ವರ್ಷ ಬದುಕಿದವನ ಪಾಡನ್ನು ಹೇಳುವ, ಬದುಕೇ ಸಾವಿನ ರೂಪ ತಾಳುವುದನ್ನು ಹೇಳುವ ಪದ್ಯ ಅದು. ಗಂಜಾದ ಶೇಖ್ ಎನ್ನಿಸಿಕೊಂಡ ಕವಿಯದು. ಹತ್ತಿರ ನಿಂತಿದ್ದ ಅಮೀರ್ ಖಾನನು ಕೇಳಿಸಿಕೊಂಡು, ಕವಿ ಈ ಮಾತುಗಳನ್ನೆಲ್ಲ ಹೇಳಿದ್ದು ಮುಂದಿನ ಒಂದು ದ್ವಿಪದಿಗೆ ಪೀಠಿಕೆಯಾಗಿ ಎಂದು ವಿನಯದಿಂದ ಬಿನ್ನವಿಸಿ, ಆ ದ್ವಿಪದಿಯನ್ನು ಹೇಳಿದನು. ಅಂಥ ಸ್ಥಿತಿಯಲ್ಲಿಯೂ ಮನಸ್ಸನ್ನು ಪ್ರಸನ್ನವಾಗಿಟ್ಟುಕೊಂಡು ದೇವರನ್ನು ನೆನೆಯಬೇಕೆಂಬುದು ಅದರ ಆಶಯ. ಚಕ್ರವರ್ತಿ ಅದನ್ನು ಮತ್ತೆ ಮತ್ತೆ ಹೇಳಿಸಿದನು, ಬರೆಸಿಕೊಂಡನು, ಓದಿದನು. ಮರುದಿನ ಎದ್ದು ದರ್ಬಾರಿಗೆ ಬಂದನು.

ಕಾವ್ಯದಿಂದ ರೋಗ ವಾಸಿಯಾಯಿತೋ, ಹಕೀಮರ ಔಷಧದಿಂದಲೋ, ಆ ಚರ್ಚೆ ನಮಗೆ ಬೇಡ. ನನಗೆ ಮುಖ್ಯವಾಗಿ ಕಾಣುವುದು ಅಮೀರ್ ಖಾನನು ಮಾಡಿದ ಕೆಲಸ. ಅವನು ಮಾಡಿದ್ದು ಅಪ್ಪಟ ವಿಮರ್ಶಕನ ಕೆಲಸ. ಅರ್ಧ ಪದ್ಯವನ್ನು ಹಿಡಿದುಕೊಂಡು ಮರುಗುತ್ತಿದ್ದವನಿಗೆ ಉಳಿದರ್ಧವನ್ನು ನೆನಪು ಮಾಡಿಕೊಟ್ಟನು. ಔರಂಗಜೇಬನ ಕೊನೆಯ ಕಾಗದಗಳನ್ನು ನಾವು ಇಷ್ಟು ಕಾಲ ಓದಿಕೊಂಡು ಬಂದಿರುವುದೂ ಅರ್ಧ ಪದ್ಯವನ್ನು ಓದಿದ ಹಾಗೆಯೇ.

ಇಂಥ ದೊರೆಯ ಅವಸಾನವನ್ನು ಬರೆಯುವವರಿಗೆ ಸಾಮಾನ್ಯವಾಗಿ ಎರಡು ಅಚ್ಚುಗಳು ಸಿದ್ಧವಾಗಿರುತ್ತವೆ. ಮೊದಲನೆಯದು 'ಮಾಡಿದ್ದುಣ್ಣೋ ಮಹರಾಯ' ಎಂಬುದು. ತಂದೆ ಷಹಜಹಾನನನ್ನು ಎಂಟು ವರ್ಷ ಆಗ್ರಾದ ಕೋಟೆಯಲ್ಲಿ ಸೆರೆಯಿಟ್ಟವನು, ಅಣ್ಣ ದಾರಾನನ್ನೂ ತಮ್ಮ ಮುರಾದನನ್ನೂ ಕೊಲ್ಲಿಸಿದವನು, ತಾನೂ ಮಕ್ಕಳನ್ನು ನಂಬಲಾರದೆ ಒಂಟಿಯಾಗಿ ಸತ್ತನು. ಅಲ್ಲಿಗೆ ಲೆಕ್ಕ ಚುಕ್ತಾ. ನಮ್ಮ ವೃತ್ತಿ ನಾಟಕಗಳ ಮನೋಧರ್ಮಕ್ಕೆ ಒಗ್ಗುವ ಅಚ್ಚು ಇದು. ಎರಡನೆಯದು ಪಶ್ಚಾತ್ತಾಪದ ಅಚ್ಚು. ಕಲ್ಲು ಕರಗಿತು, ಪಾಪಿ ಪುನೀತನಾದ. ನಾನು ತರಗತಿಯಲ್ಲಿ ಬಳಸುತ್ತಿದ್ದುದು ಇದನ್ನೇ. ಎರಡರಲ್ಲಿಯೂ ಓದುಗನಿಗೆ ಸಮಾಧಾನ ಸಿಗುತ್ತದೆ. ಆ ಸಮಾಧಾನವೇ ಸಂಶಯಕ್ಕೆ ಆಸ್ಪದ ಕೊಡಬೇಕು.

ಅವನು ಬದುಕಿದ್ದಾಗಲೇ ಅವನನ್ನು ರಂಗಕ್ಕೆ ತಂದ ಕವಿಯೊಬ್ಬನಿದ್ದಾನೆ. ಇಂಗ್ಲೆಂಡಿನ ಡ್ರೈಡನ್ನನ 'ಔರಂಗ್‌ಜೇಬ್' ನಾಟಕ ೧೬೭೫ರಲ್ಲಿ ಲಂಡನ್ನಿನಲ್ಲಿ ಪ್ರಯೋಗವಾಯಿತು. ಅದರಲ್ಲಿ ಔರಂಗಜೇಬನು ಧೀರೋದಾತ್ತ ನಾಯಕ, ಪಿತೃಭಕ್ತ! ಅಷ್ಟು ದೂರದಿಂದ ನೋಡಿದರೆ ಯಾರನ್ನು ಹೇಗೆ ಬೇಕಾದರೂ ಚಿತ್ರಿಸಬಹುದು. ಕನ್ನಡದಲ್ಲಿ ಹದಿನೆಂಟನೆಯ ಶತಮಾನದ ಲಿಂಗಣ್ಣ ಕವಿಯ 'ಕೆಳದಿನೃಪವಿಜಯ' ಬೇರೆ ದಾರಿ ಹಿಡಿಯುತ್ತದೆ. ಸಂಭಾಜಿಯ ತಮ್ಮ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವಾಗ ಕೆಳದಿಯ ರಾಣಿ ಚೆನ್ನಮ್ಮಾಜಿ ಆಶ್ರಯ ಕೊಟ್ಟದ್ದನ್ನೂ ಅದರಿಂದ ಮೊಗಲ ಸೈನ್ಯ ಮೇಲೆ ಬಿದ್ದುದನ್ನೂ ಆ ಕಾವ್ಯ ಹೇಳುತ್ತದೆ. ಕವಿಯ ಕಣ್ಣು ಚಕ್ರವರ್ತಿಯ ಮೇಲಿಲ್ಲ; ಮರೆಹೊಕ್ಕವನನ್ನು ಕಾಯಲು ನಿಂತವಳ ಮೇಲಿದೆ. ಚಕ್ರವರ್ತಿ ಇಲ್ಲಿ ದೂರದ ಒಂದು ಸಿಡಿಲ ಸದ್ದು ಮಾತ್ರ. ಕಾವ್ಯಗುಣದ ದೃಷ್ಟಿಯಿಂದ 'ಕೆಳದಿನೃಪವಿಜಯ'ವನ್ನು ಮೇಲ್ಮಟ್ಟದ್ದೆಂದು ನಾನು ಹೇಳಲಾರೆ. ಆದರೆ ಯಾರನ್ನು ನಡುವೆ ನಿಲ್ಲಿಸಬೇಕೆಂಬ ವಿವೇಕ ಆ ಕವಿಗಿತ್ತು.

ಈ ಕಥೆಯನ್ನು ಇಡಿಯಾಗಿ ಹೇಳಿದ ಮಹಾಗ್ರಂಥವೆಂದರೆ ಸರ್ ಜದುನಾಥ ಸರ್ಕಾರರ 'ಔರಂಗಜೇಬನ ಚರಿತ್ರೆ'. ಐದು ಸಂಪುಟಗಳಲ್ಲಿ ಕೊನೆಯದು ೧೯೨೪ರಲ್ಲಿ ಹೊರಬಂತು. ಅದರ ವಿಷಯ ೧೬೮೯ರಿಂದ ೧೭೦೭ರವರೆಗಿನ ಕೊನೆಗಾಲ. ಫಾರಸಿ, ಮರಾಠಿ, ಪೋರ್ಚುಗೀಸ್, ಫ್ರೆಂಚ್ ಆಧಾರಗಳನ್ನು ಜಾಲಾಡಿ, ಒಂದೊಂದು ಮುತ್ತಿಗೆಯ ದಿನಚರಿಯನ್ನೂ ಪತ್ತೆಹಚ್ಚಿ ಬರೆದ ಆ ಪುಸ್ತಕವನ್ನು ಓದುವಾಗ ಚರಿತ್ರೆಯನ್ನು ಓದುತ್ತಿದ್ದೇವೆಂಬುದೇ ಮರೆತುಹೋಗುತ್ತದೆ. ಅದರ ಶಕ್ತಿಯೂ ಅದರ ತೊಡಕೂ ಒಂದೇ ಕಡೆ ಇದೆ. ಸರ್ಕಾರರು ಇದನ್ನು ರುದ್ರನಾಟಕವೆಂದು ಭಾವಿಸಿ ಬರೆದಿದ್ದಾರೆ. ಅವರ ದೃಷ್ಟಿಯಲ್ಲಿ ಇದು ಕಣ್ಣಿಗೆ ಕಾಣದ ವಿಧಿಯೊಡನೆ ಒಬ್ಬ ಸಮರ್ಥನು ನಡೆಸಿದ ಸೋಲುಗಾಳಗ. ಗುಣವಂತನಾದ, ದಣಿವರಿಯದ ದೊರೆಯೊಬ್ಬ ಎಷ್ಟು ದುಡಿದರೂ ಫಲ ಬೂದಿಯಾಯಿತು ಎಂಬ ಕರುಣ ಅಲ್ಲಿ ಸಂಪುಟದ ಉದ್ದಕ್ಕೂ ಮಿಡಿಯುತ್ತದೆ.

ವಿಧಿಯನ್ನು ಎದುರಾಳಿಯಾಗಿ ನಿಲ್ಲಿಸಿದರೆ ಒಂದು ಅನನುಕೂಲವಿದೆ. ನಾಯಕನ ಹೊಣೆ ತೆಳುವಾಗುತ್ತದೆ. ಮುತ್ತಿಗೆ ಹಾಕೆಂದು ವಿಧಿ ಅಪ್ಪಣೆ ಮಾಡಲಿಲ್ಲ. ಅಪ್ಪಣೆಗೆ ಮೊಹರು ಒತ್ತಿದವನು ಚಕ್ರವರ್ತಿಯೇ. ಸರ್ಕಾರರು ಪ್ರಾಮಾಣಿಕ ಚರಿತ್ರಕಾರರಾದುದರಿಂದ, ತಮ್ಮ ಚೌಕಟ್ಟಿಗೆ ಒಗ್ಗದ ಸಾಕ್ಷ್ಯವನ್ನೂ ಮುಚ್ಚಿಡದೆ ಅದೇ ಪುಸ್ತಕದಲ್ಲಿ ಕೊಟ್ಟಿದ್ದಾರೆ. ಆ ಸಾಕ್ಷಿಗಳಲ್ಲಿ ಇಬ್ಬರನ್ನು ಮಾತ್ರ ಇಲ್ಲಿ ಕರೆಯುತ್ತೇನೆ.

ಒಬ್ಬನು ಭೀಮಸೇನ. ಹೆಸರು ಪಾಂಡವರದಾದರೂ ವೃತ್ತಿಯಿಂದ ಗುಮಾಸ್ತೆ, ಬುರ್ಹಾನಪುರದ ಕಾಯಸ್ಥ. ಮೊಗಲರ ಸೇವೆಯಲ್ಲಿದ್ದ ದಲಪತರಾಯ ಬುಂದೇಲನ ಹತ್ತಿರ ಕೆಲಸಕ್ಕಿದ್ದು, ದಕ್ಷಿಣದ ದಂಡಯಾತ್ರೆಗಳಲ್ಲಿ ಊರೂರು ಅಲೆದವನು. ಅವನ 'ನುಸ್ಖಾ ಎ ದಿಲ್ಕುಶಾ' ಎಂಬ ಫಾರಸಿ ಆತ್ಮಕಥನದಲ್ಲಿ ಯುದ್ಧದ ಕೆಳಗಿನ ಬದುಕು ಕಾಣುತ್ತದೆ. ಚಕ್ರವರ್ತಿ ಊರಲ್ಲಿ ನಿಲ್ಲದೆ ದಂಡಿನಲ್ಲಿಯೇ ಬಾಳಿದ್ದರಿಂದ, ಅಗಲಿಕೆಯನ್ನು ತಾಳಲಾರದ ಸಿಪಾಯಿಗಳು ಹೆಂಡತಿ ಮಕ್ಕಳನ್ನು ಬೀಡಿಗೇ ಕರೆಸಿಕೊಂಡರಂತೆ; ಹೀಗೆ ಡೇರೆಯಲ್ಲಿಯೇ ಹುಟ್ಟಿದ ಒಂದು ಪೀಳಿಗೆ ಬೆಳೆಯಿತಂತೆ. ಅವನು ಹೇಳುವ ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಜಹಗೀರುಗಳು ಕೈಯಿಂದ ಕೈಗೆ ಬೇಗ ಬೇಗ ಬದಲಾಗುತ್ತಿದ್ದವು. ನಾಳೆ ತನ್ನ ಕೈಯಲ್ಲಿ ಇರುತ್ತದೆಂಬ ನಂಬಿಕೆಯಿಲ್ಲದ ಅಧಿಕಾರಿ ಇಂದೇ ರೈತನನ್ನು ಹಿಂಡಿದನು. ರೈತ ಒಕ್ಕಲುತನ ಬಿಟ್ಟನು. ಹಲವರು ನೇಗಿಲ ಬದಲು ಆಯುಧ ಹಿಡಿದು ಮರಾಠರನ್ನು ಸೇರಿದರು. ೧೯೬೩ರಲ್ಲಿ ಇರ್ಫಾನ್ ಹಬೀಬರು ಮೊಗಲರ ಕೃಷಿವ್ಯವಸ್ಥೆಯನ್ನು ಕುರಿತು ಬರೆದ ಗ್ರಂಥದಲ್ಲಿ ಸಾಮ್ರಾಜ್ಯದ ಅವನತಿಯ ಕಾರಣಗಳನ್ನು ಹುಡುಕುವಾಗ ಈ ಗುಮಾಸ್ತೆಯ ಮಾತಿಗೆ ಬೆಲೆ ಬಂತು. ವಿಧಿ ಎಂದು ದೂರದಿಂದ ಕಂಡದ್ದು ಹತ್ತಿರ ಹೋಗಿ ನೋಡಿದರೆ ಕಂದಾಯದ ಲೆಕ್ಕವಾಗಿತ್ತು.

ಇನ್ನೊಬ್ಬನು ಇಟಲಿಯ ಮನೂಚಿ. ಕೊನೆಗಾಲದಲ್ಲಿ ಮದರಾಸಿನ ಕಡೆ ನೆಲೆಸಿದ್ದವನು. ಈ ಯುದ್ಧದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಮೀರಿ ಜನ, ಮೂರು ಲಕ್ಷಕ್ಕೂ ಮೀರಿ ಎತ್ತು ಒಂಟೆ ಮೊದಲಾದ ಪ್ರಾಣಿಗಳು ಸತ್ತವೆಂದು ಅವನು ಬರೆಯುತ್ತಾನೆ. ಮನೂಚಿ ಮಾತುಗಾರ, ಅವನ ಅಂಕಿಗಳನ್ನು ಜನಗಣತಿಯಂತೆ ನಂಬಬೇಕಾಗಿಲ್ಲ. ಆದರೆ ಗಿಡಮರವಿಲ್ಲದ, ಬೆಳೆಯಿಲ್ಲದ ಹೊಲಗಳಲ್ಲಿ ಮನುಷ್ಯರ, ದನಗಳ ಎಲುಬು ಬಿದ್ದಿದ್ದ ನೋಟವನ್ನು ಅವನು ಬಣ್ಣಿಸುವಾಗ, ಅದು ಐದು ಲಕ್ಷ ಬಾಯಿಗಳ ಬೀಡೊಂದು ಹಾದುಹೋದ ನೆಲದ ಚಿತ್ರವೆಂದು ನಂಬದಿರಲು ಕಾರಣವಿಲ್ಲ. ಕುದುರೆಗೆ ಹುಲ್ಲು, ಸಿಪಾಯಿಗೆ ಜೋಳ, ಅಡಿಗೆಗೆ ಸೌದೆ ಎಲ್ಲಿಂದ ಬರಬೇಕು? ಸುತ್ತಲಿನ ಊರುಗಳಿಂದಲೇ ಅಲ್ಲವೆ?

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಕಾಗದಗಳಿಗೆ ಮರಳೋಣ. ಅನ್ಯಾಯದ ಮಾತು ಬೇಡ: ರಾಜ್ಯಭಾರವನ್ನೂ ಪ್ರಜಾಪಾಲನೆಯನ್ನೂ ತಾನು ಸರಿಯಾಗಿ ಮಾಡಲಿಲ್ಲವೆಂದು ಅವನು ಒಪ್ಪಿಕೊಳ್ಳುತ್ತಾನೆ. ಸೈನ್ಯವೂ ತನ್ನಂತೆಯೇ ದಿಕ್ಕುಗೆಟ್ಟಿದೆಯೆಂದು ಕಾಣಬಲ್ಲವನಾಗಿದ್ದಾನೆ. ತನ್ನ ತರುವಾಯ ಮುಸಲ್ಮಾನರ ರಕ್ತ ಹರಿದು ಆ ಪಾಪ ತನ್ನ ಕೊರಳಿಗೆ ಸುತ್ತಿಕೊಂಡೀತೆಂಬ ಭಯವಿದೆ. ಕಾಯಿಲೆಯಲ್ಲಿ ತನ್ನ ಶುಶ್ರೂಷೆ ಮಾಡುತ್ತಿರುವ, ಕಾಮಬಕ್ಷನ ತಾಯಿ ಉದಯಪುರಿಯ ಬಗ್ಗೆ ಮಮತೆಯಿದೆ. ಇವೆಲ್ಲ ನಿಜವಾದ ಭಾವಗಳು. ನಟನೆಯೆಂದು ಹೇಳುವವನು ಹೃದಯಹೀನ.

ಆದರೆ ಆ ಒಪ್ಪಿಗೆ ಒಂದೇ ಉಸಿರಿನ, ಒಟ್ಟಾರೆಯ ಮಾತು. ಪಾಪವೆನ್ನುತ್ತಾನೆ, ಯಾವ ಪಾಪವೆನ್ನುವುದಿಲ್ಲ. ದಾರಾನ ಹೆಸರಿಲ್ಲ. ಆಗ್ರಾದ ಕಿಟಕಿಯಿಂದ ತಾಜಮಹಲನ್ನು ನೋಡುತ್ತ ಸತ್ತ ತಂದೆಯ ಹೆಸರಿಲ್ಲ. ಸೆರೆಯಲ್ಲಿಯೇ ೧೭೦೨ರಲ್ಲಿ ತೀರಿಕೊಂಡ ಮಗಳು ಜೇಬುನ್ನಿಸಾಳ ಹೆಸರಿಲ್ಲ. ಗಲಗಲಿಯಿಲ್ಲ, ವಾಗಣಗೇರಾ ಇಲ್ಲ. ಅವನು ಮಾತನಾಡುತ್ತಿರುವುದು ತನಗೂ ದೇವರಿಗೂ ನಡುವಿನ ಒಂದು ಲೇವಾದೇವಿಯನ್ನು ಕುರಿತು. ಆ ಲೇವಾದೇವಿಯಲ್ಲಿ ಮೂರನೆಯವರಿಗೆ, ನೊಂದವರಿಗೆ, ಜಾಗವಿಲ್ಲ.

ಸಣ್ಣ ಸಂಗತಿಗಳು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ಅದೇ ಸಂಗ್ರಹದ ಬೇರೆ ಪತ್ರಗಳನ್ನು ತೆಗೆದು ನೋಡಿ. ಆಜಮನು ಕಳಿಸಿದ ಮಾವಿನ ಹಣ್ಣುಗಳಿಗೆ ಹೆಸರಿಡಬೇಕೆಂದು ಕೋರಿದಾಗ, ಈ ಮುದುಕ 'ಸುಧಾರಸ', 'ರಸನಾವಿಲಾಸ' ಎಂದು ಸೊಗಸಾದ ಹೆಸರುಗಳನ್ನು ಇಟ್ಟನು. ನಮ್ಮ ಪಂಡಿತರಿಗೂ ಹೊಳೆಯಬೇಕಲ್ಲ ಇಂಥ ಹೆಸರು! ಚಳಿಗಾಲದಲ್ಲಿ ಮಗನ ಮನೆಯಲ್ಲಿ ತಿಂದ ಖಿಚಡಿಯ, ಬಿರಿಯಾನಿಯ ರುಚಿಯನ್ನು ನೆನೆಯುತ್ತಾನೆ. ಆ ಅಡಿಗೆಯವನನ್ನು ತನಗೆ ಕೊಡಲಿಲ್ಲವೆಂದು ಆಕ್ಷೇಪಿಸುತ್ತಾನೆ. ಹೀಗೆ ಬಿಡಿಬಿಡಿಯಾಗಿ ನೋಡಬಲ್ಲ, ಹೆಸರಿಡಬಲ್ಲ ಚೈತನ್ಯ ಅವನಲ್ಲಿತ್ತು. ಅವನ ಮರಣಶಾಸನವೆಂದು ಉಳಿದುಬಂದಿರುವ ಬರಹದಲ್ಲಿ ತಾನು ಟೋಪಿ ಹೊಲಿದು ಸಂಪಾದಿಸಿದ ನಾಲ್ಕು ರೂಪಾಯಿ ಎರಡಾಣೆಯನ್ನು ತನ್ನ ಶವವಸ್ತ್ರಕ್ಕೂ, ಕುರಾನನ್ನು ಪ್ರತಿಮಾಡಿ ಗಳಿಸಿದ ಮುನ್ನೂರೈದು ರೂಪಾಯಿಗಳನ್ನು ಫಕೀರರಿಗೂ ಉಪಯೋಗಿಸಬೇಕೆಂದಿದೆ. ಆ ಶಾಸನವನ್ನು ಅವನದೇ ಎಂದು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಅವನದೇ ಆಗಿದ್ದ ಪಕ್ಷದಲ್ಲಿ ಅದು ಎಷ್ಟು ಪರಿಶುದ್ಧವೋ ಅಷ್ಟೇ ವಿಚಿತ್ರವಾದ ಲೆಕ್ಕ. ಟೋಪಿಯ ಲೆಕ್ಕ ಎರಡಾಣೆಯವರೆಗೆ ಉಂಟು. ಕೃಷ್ಣೆಯ ದಂಡೆಯ ಲೆಕ್ಕವಿಲ್ಲ.

ಇಲ್ಲಿ ನನಗೆ ರನ್ನನ ನೆನಪಾಗದೆ ಇರುವುದಿಲ್ಲ. ಅವನ ದುರ್ಯೋಧನನನ್ನು ಬಿ.ಎಂ.ಶ್ರೀ. ಅವರ ಕಾಲದಿಂದಲೂ ರುದ್ರನಾಯಕನೆಂದು ನಾವು ಕೊಂಡಾಡುತ್ತ ಬಂದಿದ್ದೇವೆ. ಅವನೂ ಅಪರಾಧಿಯೇ. ಅವನೂ ಕೊನೆಯ ದಿನ ಒಂಟಿಯೇ. ಸಂಜಯನ ಜೊತೆ ರಣರಂಗವನ್ನು ಹಾದು ಹೋಗುವಾಗ ಅವನು ಒಟ್ಟಾಗಿ ಗೋಳಾಡುವುದಿಲ್ಲ. ದ್ರೋಣನ ಹೆಣದ ಮುಂದೆ ನಿಲ್ಲುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಮುಂದೆ ನಿಂತು ಕೈಮುಗಿಯುತ್ತಾನೆ. ಮಗ ಲಕ್ಷಣಕುಮಾರನನ್ನು, ತಮ್ಮ ದುಶ್ಶಾಸನನನ್ನು, ಗೆಳೆಯ ಕರ್ಣನನ್ನು ಒಬ್ಬೊಬ್ಬರನ್ನಾಗಿ ಕಾಣುತ್ತಾನೆ. ಹೆಸರು ಹಿಡಿದು ಕರೆದು ಮಾತನಾಡಿಸುತ್ತಾನೆ. ತನ್ನಿಂದಾದುದನ್ನು ಅವನ ಕಣ್ಣು ತಪ್ಪಿಸಿಕೊಳ್ಳುವುದಕ್ಕೆ ರನ್ನ ಬಿಡುವುದಿಲ್ಲ. ಆದ್ದರಿಂದಲೇ ಛಲವನ್ನು ಬಿಡದಿದ್ದರೂ, ಪಶ್ಚಾತ್ತಾಪದ ಒಂದು ಮಾತನ್ನೂ ಸರಿಯಾಗಿ ಆಡದಿದ್ದರೂ, ದುರ್ಯೋಧನ ನಮ್ಮ ಮನಸ್ಸಿನಲ್ಲಿ ದೊಡ್ಡವನಾಗುತ್ತಾನೆ. ಔರಂಗಜೇಬನು ಪಶ್ಚಾತ್ತಾಪದ ಮಾತುಗಳನ್ನೆಲ್ಲ ಆಡಿದ್ದಾನೆ. ಆದರೆ ರಣರಂಗದಲ್ಲಿ ನಡೆಯಲಿಲ್ಲ. ಪಲ್ಲಕ್ಕಿಯಲ್ಲಿ ಮಲಗಿ ಅದನ್ನು ದಾಟಿ ಹೋದನು.

ಇದಕ್ಕೆ ಆಕ್ಷೇಪಣೆ ಬರಬಹುದು. "ಸಾಯುತ್ತಿರುವ ಮುದುಕ ಮಕ್ಕಳಿಗೆ ಬರೆದ ನಾಲ್ಕು ಸಾಲಿನಲ್ಲಿ ಊರುಗಳ ಪಟ್ಟಿ ಕೇಳುತ್ತೀರಾ? ಕಾವ್ಯದ ನಾಯಕನಿಗೆ ಕವಿಯ ನೆರವಿದೆ, ಇವನಿಗೆ ಯಾರಿದ್ದರು?" ಒಪ್ಪತಕ್ಕ ಮಾತು. ಕಾಗದ ಬರೆದವನನ್ನು ನಾನು ದೂರುತ್ತಿಲ್ಲ. ಅವನು ಬರೆದದ್ದು ನಮಗಲ್ಲ. ಅದನ್ನು ಇಡೀ ಸತ್ಯವೆಂದು ಕೈಗೆತ್ತಿಕೊಂಡು, ಅದರ ಸೊಬಗಿಗೆ ಮಾರುಹೋಗಿ, ಒಂದು ಯುಗದ ಲೆಕ್ಕವನ್ನೇ ಅಲ್ಲಿಗೆ ಮುಗಿಸಿದ ಓದುಗರು ನಾವು, ತಪ್ಪು ನಮ್ಮದು. ದೊಡ್ಡವರ ದುಃಖಕ್ಕೆ ಭಾಷೆಯಿದೆ, ಲೇಖಕರಿದ್ದಾರೆ, ಸಂಗ್ರಹಕಾರರಿದ್ದಾರೆ. ಅದು ಕಿವಿಗೆ ಇಂಪಾಗಿ ಬಂದು ತಲುಪುತ್ತದೆ. ಬೆಳೆ ಕಳೆದುಕೊಂಡವನ ದುಃಖ ಒಬ್ಬ ಗುಮಾಸ್ತೆಯ ಪುಸ್ತಕದ ಯಾವುದೋ ಮೂಲೆಯಲ್ಲಿ ನಾಲ್ಕು ಮಾತಾಗಿ ಉಳಿದಿರುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ ಮಾತ್ರ ಪದ್ಯ ಪೂರ್ತಿಯಾಗುತ್ತದೆ.

ಮುಂದಿನ ಕಥೆ ಎಲ್ಲರಿಗೂ ಗೊತ್ತಿದೆ. ದೇವಾಪುರದಿಂದ ೧೭೦೫ರ ಅಕ್ಟೋಬರಿನಲ್ಲಿ ಹೊರಟ ಪಲ್ಲಕ್ಕಿ ಮರುವರ್ಷ ಜನವರಿಯಲ್ಲಿ ಅಹಮದನಗರವನ್ನು ಸೇರಿತು. ಮಕ್ಕಳು ತನ್ನ ಹಾಸಿಗೆಯ ಪಕ್ಕದಲ್ಲಿಯೇ ಕಾದಾಡಿಯಾರೆಂದು ಹೆದರಿ, ಚಕ್ರವರ್ತಿ ಕೊನೆಯ ದಿನಗಳಲ್ಲಿ ಕಾಮಬಕ್ಷನನ್ನು ಬಿಜಾಪುರಕ್ಕೂ ಆಜಮನನ್ನು ಮಾಳವಕ್ಕೂ ಕಳಿಸಿಬಿಟ್ಟನು. ೧೭೦೭ರ ಮಾರ್ಚ್ ೩ರಂದು, ಮುಂಜಾನೆ, ಪ್ರಾಣ ಬಿಟ್ಟನು. ಅದೇ ವರ್ಷ ಜೂನ್ ತಿಂಗಳಲ್ಲಿ ಜಾಜಾವಿನ ಕಾಳಗದಲ್ಲಿ ಆಜಮನು ಸತ್ತನು. ೧೭೦೯ರ ಜನವರಿಯಲ್ಲಿ ಹೈದರಾಬಾದಿನ ಬಳಿ ಕಾಮಬಕ್ಷನೂ ಗಾಯಗೊಂಡು ಮಡಿದನು. ಆ ಎರಡು ಕಾಗದಗಳನ್ನು ಪಡೆದ ಇಬ್ಬರೂ ಎರಡು ವರ್ಷ ತುಂಬುವುದರೊಳಗೆ ಇಲ್ಲವಾದರು. ಕೊಂದ ಪಡೆ ಅವರ ಅಣ್ಣನದೇ. ತಂದೆ ತೋರಿಸಿದ್ದ ದಾರಿಯನ್ನೇ ಮಕ್ಕಳು ಹಿಡಿದರು. ತಂದೆ ಬರೆದ ಕಾಗದ ಅವರನ್ನು ತಡೆಯಲಿಲ್ಲ. ಚಕ್ರವರ್ತಿ ಇಂದಿಗೂ ಖುಲ್ದಾಬಾದಿನ ದರ್ಗಾದ ಅಂಗಳದಲ್ಲಿ, ಮೇಲೆ ಗುಮ್ಮಟವಿಲ್ಲದ ಸರಳ ಮಣ್ಣಿನ ಸಮಾಧಿಯಲ್ಲಿದ್ದಾನೆ.

ನಾನು ಈಗಲೂ 'ಗದಾಯುದ್ಧ' ಪಾಠ ಮಾಡುವಾಗ ಆ ಕಾಗದಗಳನ್ನು ಹೇಳುತ್ತೇನೆ. ಅವುಗಳ ಸೊಬಗು ನನ್ನ ಮಟ್ಟಿಗೆ ಕಡಿಮೆಯಾಗಿಲ್ಲ. ಆದರೆ ಅವನ್ನು ಹೇಳಿದ ಮೇಲೆ ಪುಸ್ತಕ ಮುಚ್ಚುವುದಿಲ್ಲ. ಭೀಮಸೇನನ ಮಾತು ಹೇಳುತ್ತೇನೆ. ಕರೇರಿ ಕಂಡ ಗಲಗಲಿಯನ್ನು ಹೇಳುತ್ತೇನೆ. ವಾಗಣಗೇರಾದ ಸುಟ್ಟ ಕೋಟೆಯನ್ನು ಹೇಳುತ್ತೇನೆ. ತರಗತಿಯಲ್ಲಿ ಮೊದಲಿನಂಥ ಮೌನ ಈಗ ಉಂಟಾಗುವುದಿಲ್ಲ. ಹುಡುಗರು ವಾದಕ್ಕೆ ಬರುತ್ತಾರೆ. ಅವನು ಪಶ್ಚಾತ್ತಾಪಪಟ್ಟನೋ ಇಲ್ಲವೋ ಎಂದು ಗಂಟೆ ಹೊಡೆದ ಮೇಲೂ ಜಗುಲಿಯಲ್ಲಿ ನಿಂತು ಜಗಳವಾಡುತ್ತಾರೆ. ಸುರಪುರದ ಆ ಹುಡುಗ ಓದು ಮುಗಿಸಿ ಹೋಗಿ ಬಹಳ ಕಾಲವಾಯಿತು. ಅವನಿಗೆ ನಾನು ಅಂದು ಕೊಟ್ಟ ಉತ್ತರ ತಪ್ಪಾಗಿರಲಿಲ್ಲ, ನಕ್ಕದ್ದು ತಪ್ಪಾಯಿತು.